ಹಿತ್ತಲಿನ ಆಮೆ ಯಾರ ಸೊತ್ತು?

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಮರುಭೂಮಿ ಆಮೆಯೊಂದನ್ನು ಸಾಕಲು ಬಯಸುವವರು ಮೊದಲು ಹಿತ್ತಲಲ್ಲಿ ಒಂದು ಬಿಲ ಕಟ್ಟಬೇಕು. ಒಮ್ಮೆ ಮನುಷ್ಯರ ಕೈಸೇರಿ ಮತ್ತೆ ಕಾಡಿಗೆ ಹೋಗಲಾಗದ ಆಮೆಗಳನ್ನು ಅಲ್ಲಿನ ವನ್ಯಜೀವಿ ಇಲಾಖೆ ಮನೆಗಳಿಗೆ ದತ್ತು ಕೊಡುತ್ತದೆ. ಆದರೆ ಅರ್ಜಿ ಹಾಕಿದ ಕೂಡಲೇ ಕೊಡುವುದಿಲ್ಲ. ಹಿತ್ತಲಿಗೆ ಸುತ್ತ ಗೋಡೆಯೋ ಭದ್ರವಾದ ಬೇಲಿಯೋ ಇರಬೇಕು. ಬಿಲದ ಮೇಲೆ ದಪ್ಪಗೆ ಮಣ್ಣು ಹೇರಿರಬೇಕು; ಬೇಸಗೆಯ ಸುಡುಬಿಸಿಲಲ್ಲೂ ಚಳಿಗಾಲದ ದೀರ್ಘ ನಿದ್ದೆಯಲ್ಲೂ ಅದಕ್ಕೆ ಅದೇ ಆಶ್ರಯ. ಈಜುಕೊಳವಿದ್ದರೆ ಆಮೆ ಅದರಲ್ಲಿ ಬೀಳದಂತೆ ತಡೆ ಬೇಕು, ನಾಯಿಯಿದ್ದರೆ ಅದರ ಕೈಗೆ ಸಿಗದಂತೆ ವ್ಯವಸ್ಥೆ ಬೇಕು. ಇವುಗಳ ಫೋಟೊ ತೆಗೆದು ಅರ್ಜಿಯ ಜೊತೆ ಕೊಡಬೇಕು. ಇಷ್ಟೆಲ್ಲ ಆಗಿ ಆಮೆ ಮನೆಗೆ ಬಂದ ಮೇಲೂ ಅದು ಮನೆಯವರ ಸೊತ್ತಾಗುವುದಿಲ್ಲ. ಅದನ್ನು ಮಾರುವಂತಿಲ್ಲ, ಮರಿ ಮಾಡಿಸುವಂತಿಲ್ಲ, ಬೇಸರವಾಯಿತೆಂದು ಗುಡ್ಡದಲ್ಲಿ ಬಿಟ್ಟು ಬರುವಂತಿಲ್ಲ. ಅವರು ಪಾಲಕರು ಮಾತ್ರ.

ಈ ನಿಯಮಗಳನ್ನು ಓದಿದಾಗ ನಮಗೆ ನೆನಪಾದದ್ದು ‘ಅಮಾನತ್’ ಎಂಬ ಪದ. ಕನ್ನಡ ಪತ್ರಿಕೆಗಳಲ್ಲಿ ಅಧಿಕಾರಿಗಳು ಅಮಾನತಾಗುವುದನ್ನು ನಾವು ದಿನವೂ ಓದುತ್ತೇವೆ. ಅರಬಿಯಲ್ಲಿ ಅದರ ಅರ್ಥ ಬೇರೆ: ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದ ವಸ್ತು. ಭೂಮಿ, ನೀರು, ಸಂಪತ್ತು, ಸಂತಾನ ಎಲ್ಲವೂ ಅಮಾನತ್ ಎಂದು ನಾವು ವೇದಿಕೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಅದನ್ನು ಒಂದು ಆಮೆಯ ಮಟ್ಟಕ್ಕೆ ಇಳಿಸಿ ನೋಡಿದರೆ ಏನಾಗುತ್ತದೆ? ಒಂದು ಆಮೆಯನ್ನು ವರ್ಷದ ಹನ್ನೆರಡು ತಿಂಗಳೂ ಹಿತ್ತಲ ಆವರಣದಲ್ಲಿ ಇಟ್ಟುಕೊಳ್ಳುವ ಹಕ್ಕು ನಮಗೆ ಎಲ್ಲಿಂದ ಬಂತು, ಇಟ್ಟುಕೊಂಡರೆ ನಮ್ಮ ಮೇಲೆ ಬೀಳುವ ಸಾಲ ಎಷ್ಟು? ಪ್ರಶ್ನೆ ಕ್ಷುಲ್ಲಕವೆಂದು ಕೆಲವರಿಗೆ ಅನಿಸಬಹುದು. ನಮಗೆ ಹಾಗನಿಸುವುದಿಲ್ಲ.

ಆಡು, ಹಸು, ಕುದುರೆ, ನಾಯಿಗಳ ಜೊತೆ ಮನುಷ್ಯನಿಗೆ ಸಾವಿರಾರು ವರ್ಷಗಳ ಒಡನಾಟವಿದೆ. ಅವು ಹಾಲು ಕೊಟ್ಟವು, ಹೊರೆ ಹೊತ್ತವು, ಕಾವಲು ಕಾದವು. ಪ್ರತಿಯಾಗಿ ಹುಲ್ಲು, ನೀರು, ಕೊಟ್ಟಿಗೆ ಪಡೆದವು. ಆಮೆಯ ಜೊತೆ ಅಂಥ ಯಾವ ಕೊಡುಕೊಳೆಯೂ ಇಲ್ಲ. ಅದು ಹಾಲು ಕೊಡದು, ಬಾಗಿಲು ಕಾಯದು, ಮಡಿಲಲ್ಲಿ ಮಲಗದು. ನಾವು ಅದನ್ನು ಇಟ್ಟುಕೊಳ್ಳುವುದು ನಮ್ಮ ಕಣ್ಣಿನ ಸಂತೋಷಕ್ಕೆ. ಕೆಲವರು ಅದೃಷ್ಟ ಕುಲಾಯಿಸುತ್ತದೆಂಬ ಆಸೆಗೂ ಇಡುತ್ತಾರೆ. ತಾನು ಏನನ್ನೂ ಕೊಡದೆ, ಏನನ್ನೂ ಕೇಳದೆ ನಮ್ಮ ಗೋಡೆಯೊಳಗೆ ಬಿದ್ದಿರುವ ಜೀವದ ವಿಷಯದಲ್ಲಿ ನ್ಯಾಯ ಎಂದರೇನು ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ.

ಪ್ರಾಣಿಗಳ ವಿಷಯ ಬಂದಾಗ ನಮ್ಮವರು ಸಾಮಾನ್ಯವಾಗಿ ಉಲ್ಲೇಖಿಸುವ ಹದೀಸ್‌ಗಳು ಎರಡು. ಒಂದು, ಅಬೂ ಉಮೈರ್ ಎಂಬ ಪುಟ್ಟ ಹುಡುಗನದು. ಅವನ ಬಳಿ ಆಟಕ್ಕೊಂದು ಸಣ್ಣ ಹಕ್ಕಿಯಿತ್ತು. ಅದು ಸತ್ತು ಹುಡುಗ ಮುಖ ಸಣ್ಣದು ಮಾಡಿ ಕುಳಿತಿದ್ದಾಗ ಪ್ರವಾದಿವರ್ಯರು(ಸ) ಹಕ್ಕಿಯ ಬಗ್ಗೆ ವಿಚಾರಿಸಿ ಅವನನ್ನು ನಗಿಸಲು ಯತ್ನಿಸಿದರು. ಈ ಒಂದು ಪುಟ್ಟ ಘಟನೆಯಿಂದ ಇಬ್ನುಲ್ ಖಾಸ್ ಎಂಬ ವಿದ್ವಾಂಸರು ಸುಮಾರು ಅರುವತ್ತು ಪಾಠಗಳನ್ನು ಹೊರತೆಗೆದು ಒಂದು ಕೃತಿಯನ್ನೇ ಬರೆದಿದ್ದಾರೆ. ಸರಿಯಾಗಿ ನೋಡಿಕೊಳ್ಳುವುದಾದರೆ ಹಕ್ಕಿಯನ್ನು ಸಾಕಬಹುದು ಎಂಬ ಅನುಮತಿಯನ್ನು ವಿದ್ವಾಂಸರು ಇಲ್ಲಿಂದಲೇ ಪಡೆಯುತ್ತಾರೆ. ಇನ್ನೊಂದು, ಬೆಕ್ಕನ್ನು ಕೂಡಿಹಾಕಿ ಸಾಯಿಸಿದ್ದಕ್ಕಾಗಿ ಶಿಕ್ಷೆಗೆ ಗುರಿಯಾದ ಸ್ತ್ರೀಯದು. ಅವಳು ಅದಕ್ಕೆ ಉಣಿಸಲಿಲ್ಲ, ತಾನೇ ಹೋಗಿ ನೆಲದ ಹುಳಹುಪ್ಪಟೆಗಳನ್ನು ಹಿಡಿದು ತಿನ್ನಲು ಬಿಡಲೂ ಇಲ್ಲ.

ಎರಡನೆಯ ಹದೀಸನ್ನು ನಾವು ಬಹಳ ಸಲ ಅರ್ಧವೇ ಕೇಳಿಸಿಕೊಳ್ಳುತ್ತೇವೆ. ಅನ್ನ ಹಾಕದಿದ್ದುದು ಅವಳ ತಪ್ಪು ಎಂದಷ್ಟೇ ತಿಳಿಯುತ್ತೇವೆ. ಅವಳು ಬೆಕ್ಕನ್ನು ಬಿಟ್ಟಿದ್ದರೆ ಅನ್ನ ಹಾಕಬೇಕಾದ ಹೊಣೆಯೇ ಅವಳ ಮೇಲಿರುತ್ತಿರಲಿಲ್ಲ; ಬೆಕ್ಕಿನ ಆಹಾರ ಹೊರಗೆ ಅದಕ್ಕಾಗಿ ಇದ್ದೇ ಇತ್ತು. ಬಾಗಿಲು ಮುಚ್ಚಿದ ಕ್ಷಣದಲ್ಲಿ ಆ ಹೊಣೆ ಹುಟ್ಟಿತು. ಹೊರಗೆ ಅದಕ್ಕೆ ಏನೇನು ಸಿಗುತ್ತಿತ್ತೋ ಅದನ್ನೆಲ್ಲ ಒಳಗೆ ಒದಗಿಸುವುದು ಬಾಗಿಲು ಹಾಕಿದವರ ಮೇಲಿನ ಸಾಲ.

ಹಾಗಾದರೆ ಆಮೆಗೆ ಹೊರಗೆ ಸಿಗುತ್ತಿದ್ದುದೇನು? ಸೊಪ್ಪು, ಹುಲ್ಲು ಮಾತ್ರವಲ್ಲ. ಆಮೆ ತನ್ನ ಮೈಯ ಬಿಸಿಯನ್ನು ತಾನೇ ಮಾಡಿಕೊಳ್ಳಲಾರದು. ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡಿದ ಮೇಲೆಯೇ ಅದಕ್ಕೆ ನಡೆಯಲು, ತಿನ್ನಲು, ತಿಂದದ್ದನ್ನು ಅರಗಿಸಿಕೊಳ್ಳಲು ಸಾಧ್ಯ. ಬಿಸಿಲಿನ ನೇರಳಾತೀತ ಕಿರಣ ಚರ್ಮಕ್ಕೆ ಬಿದ್ದಾಗ ಮೈಯಲ್ಲಿ ಡಿ ಜೀವಸತ್ವ ಹುಟ್ಟುತ್ತದೆ. ಅದಿಲ್ಲದಿದ್ದರೆ ತಿಂದ ಸುಣ್ಣದಂಶ ಮೈಗೆ ಹತ್ತದು. ಎಳೆಯ ಆಮೆಯಾದರೆ ಚಿಪ್ಪು ಮೆತ್ತಗಾಗುತ್ತದೆ, ಕಾಲುಗಳು ಸೊಟ್ಟಗಾಗುತ್ತವೆ. ಗಾಜು ಈ ಕಿರಣವನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಅಂದರೆ ಫ್ಲ್ಯಾಟಿನ ಮೂಲೆಯಲ್ಲಿ ಗಾಜಿನ ತೊಟ್ಟಿಯೊಳಗೆ ದಿನವೂ ತಾಜಾ ಸೊಪ್ಪು ತಿನ್ನುವ ಆಮೆಯೂ ಹಸಿದೇ ಇರಬಹುದು. ಹಸಿದ ಬೆಕ್ಕು ಅರಚುತ್ತದೆ, ಬಾಗಿಲು ಪರಚುತ್ತದೆ. ಆಮೆಯ ಹಸಿವಿಗೆ ಸದ್ದಿಲ್ಲ. ನಮ್ಮ ತಪ್ಪು ಅದರ ಚಿಪ್ಪಿನ ಮೇಲೆ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು.

ಈ ಕಾರಣಕ್ಕೆ ತಿಳಿದವರು ಆಮೆಗೆ ಬಯಲೇ ಬೇಕೆನ್ನುತ್ತಾರೆ. ಬಯಲಿನ ಆವರಣವೆಂದರೆ ನಾಲ್ಕು ಗೂಟ ನೆಟ್ಟು ತಂತಿಬಲೆ ಎಳೆದದ್ದಲ್ಲ. ಆಚೆಗೆ ಕಾಣುವ ಬಲೆಯಾದರೆ ಆಮೆ ಅದನ್ನು ತಡೆಯೆಂದು ಒಪ್ಪಿಕೊಳ್ಳುವುದಿಲ್ಲ, ದಿನವಿಡೀ ತಲೆ ತೂರಿಸಿ ನೂಕುತ್ತಲೇ ಇರುತ್ತದೆ. ಆದ್ದರಿಂದ ಗೋಡೆ ಹಲಗೆಯದೋ ಕಲ್ಲಿನದೋ ಆಗಿ ಆಚೆ ಕಾಣದಂತಿರಬೇಕು. ಆಮೆ ತೋಡುವುದರಿಂದ ಗೋಡೆಯ ಬುಡ ನೆಲದೊಳಗೂ ಇಳಿದಿರಬೇಕು. ಮೂಲೆಗಳಲ್ಲಿ ಅದು ಏರುತ್ತದೆ, ಏರಿ ಅಂಗಾತ ಬೀಳುತ್ತದೆ. ಬಿಸಿಲಲ್ಲಿ ಅಂಗಾತ ಬಿದ್ದ ಆಮೆ ಬಹಳ ಹೊತ್ತು ಬದುಕದು. ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಪೊದೆಯ ನೆರಳು, ನೀರು ನಿಲ್ಲದ ಇಳಿಜಾರು, ಮೊಟ್ಟೆಯಿಡಲು ಸಡಿಲ ಮಣ್ಣು, ಇಲಿ ಹೆಗ್ಗಣ ನುಗ್ಗದ ಗೂಡು. ಗೋಡೆ ಕಟ್ಟುತ್ತಾ ಹೋದಂತೆ ಅದರಿಂದ ನಾವು ಕಿತ್ತುಕೊಂಡದ್ದು ಏನೇನೆಂದು ಒಂದೊಂದಾಗಿ ತಿಳಿಯುತ್ತದೆ.

ಚಳಿಗಾಲದ ವಿಷಯ ಇನ್ನೂ ಸೂಕ್ಷ್ಮ. ಮೆಡಿಟರೇನಿಯನ್ ಸುತ್ತಲಿನ ದೇಶಗಳ ಆಮೆಗಳು ಚಳಿಗಾಲದಲ್ಲಿ ಮಣ್ಣಿನೊಳಗೆ ತಿಂಗಳುಗಟ್ಟಲೆ ನಿದ್ದೆಹೋಗುತ್ತವೆ. ಆಗ ಸುತ್ತಲಿನ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೆಪ್ಪುಗಟ್ಟುವ ಮಟ್ಟಕ್ಕಿಳಿದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. 10 ಡಿಗ್ರಿ ದಾಟಿದರೆ ಅರೆಎಚ್ಚರದಲ್ಲಿ ಮೈಯ ಕೊಬ್ಬು ಕರಗಿಹೋಗುತ್ತದೆ. ಆದರೆ ನಮ್ಮ ನಕ್ಷತ್ರ ಆಮೆಗೆ, ಆಫ್ರಿಕದ ಸಲ್ಕಾಟ ಆಮೆಗೆ ಈ ನಿದ್ದೆಯೇ ಇಲ್ಲ. ಚಳಿನಾಡಿನ ಹಿತ್ತಲಲ್ಲಿ ಅವನ್ನು ಮಣ್ಣಿಗೆ ಬಿಟ್ಟರೆ ಕೊಂದಂತೆಯೇ. ‘ವರ್ಷವಿಡೀ ಹೊರಗೆ’ ಎಂಬ ಮಾತು ಒಂದು ಜಾತಿಯ ಆಮೆಗೆ ಕರುಣೆಯಾದರೆ ಇನ್ನೊಂದಕ್ಕೆ ಕ್ರೌರ್ಯ.

ಸಲ್ಕಾಟದ ಕಥೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಸಹಾರಾದ ದಕ್ಷಿಣದಂಚಿನಲ್ಲಿ ಸೆನೆಗಲ್‌ನಿಂದ ಸುಡಾನ್ ಕಡೆಯವರೆಗೆ ಹಬ್ಬಿದ ಒಣನಾಡು ಅದರ ತವರು. ಅಂಗಡಿಯಲ್ಲಿ ಅದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ಮಕ್ಕಳ ಕಣ್ಣಿಗೆ ಆಟಿಕೆ. ಬೆಳೆದರೆ ಐವತ್ತು ಕಿಲೊ ದಾಟುತ್ತದೆ, ಮೀಟರುಗಟ್ಟಲೆ ಉದ್ದದ ಸುರಂಗ ತೋಡುತ್ತದೆ, ಬೇಲಿಯನ್ನು ಮೈಯಿಂದಲೇ ನೂಕಿ ಕೆಡವುತ್ತದೆ. ಕೊಂಡುತಂದ ಮಗು ದೊಡ್ಡವನಾಗಿ ಬೇರೆ ಊರಿಗೆ ಹೋಗುವ ಹೊತ್ತಿಗೆ ಆಮೆ ಹಿತ್ತಲಿಗೆ ದೊಡ್ಡದಾಗಿರುತ್ತದೆ. ಅಮೆರಿಕದ ಬೆಚ್ಚಗಿನ ರಾಜ್ಯಗಳ ಪ್ರಾಣಿಪಾಲನಾ ಕೇಂದ್ರಗಳಿಗೆ ಹೀಗೆ ಬೇಡವಾದ ಸಲ್ಕಾಟಗಳು ಬಂದು ಬೀಳುತ್ತಲೇ ಇವೆ. ತವರಿನಲ್ಲಿ ಮಾತ್ರ ಅದು ಅಳಿವಿನ ಅಂಚಿನಲ್ಲಿದೆ.

ಆಮೆ ಸಾಕುವವರೆಲ್ಲ ನಿರ್ದಯರೆಂದು ನಾವು ಹೇಳುತ್ತಿಲ್ಲ. ಹಿತ್ತಲಿನ ಆಮೆಗಳ ಪೈಕಿ ಅತ್ಯಂತ ಪ್ರಸಿದ್ಧವಾದ ತಿಮೊಥಿಯ ಸುತ್ತ ಇದ್ದವರು ಒಳ್ಳೆಯವರೇ. ಅದು 18ನೆಯ ಶತಮಾನದ ಇಂಗ್ಲೆಂಡಿನಲ್ಲಿ, ರಿಂಗ್ಮರ್ ಎಂಬ ಹಳ್ಳಿಯ ಮನೆಯೊಂದರ ಗೋಡೆಸುತ್ತಿದ ಅಂಗಳದಲ್ಲಿ ನಾಲ್ಕು ದಶಕ ಬದುಕಿತು. ಆ ಮನೆಯ ಮುದುಕಿ ರೆಬೆಕಾ ಸ್ನೂಕ್ ಅದಕ್ಕೆ ದಿನವೂ ಆಹಾರ ಹಾಕುತ್ತಿದ್ದರು. ಆಕೆ ಬಂದೊಡನೆ ಆಮೆ ತಡವರಿಸುತ್ತ ಆಕೆಯ ಕಡೆಗೆ ನಡೆಯುತ್ತಿತ್ತು, ಅಪರಿಚಿತರತ್ತ ತಿರುಗಿಯೂ ನೋಡುತ್ತಿರಲಿಲ್ಲ ಎಂದು ಆಕೆಯ ಸೋದರನ ಮಗ ಗಿಲ್ಬರ್ಟ್ ವೈಟ್ ದಾಖಲಿಸಿದ್ದಾರೆ. ಪಾದ್ರಿಯೂ ಪ್ರಕೃತಿಪ್ರಿಯರೂ ಆಗಿದ್ದ ವೈಟ್ ಸಣ್ಣಪುಟ್ಟದ್ದನ್ನೂ ತಾಳ್ಮೆಯಿಂದ ಗಮನಿಸುವವರು. ಆಮೆ ನವೆಂಬರ್ ನಡುವಿಗೆ ಮಣ್ಣು ಸೇರಿ ಏಪ್ರಿಲ್ ನಡುವಿಗೆ ಎದ್ದು ಬರುತ್ತದೆ, ಅಷ್ಟು ಗಟ್ಟಿ ಚಿಪ್ಪಿದ್ದೂ ಮಳೆಗೆ ಹೆದರುತ್ತದೆ ಎಂಬುದನ್ನೆಲ್ಲ ಅವರು ಬರೆದಿಟ್ಟರು. 1780ರಲ್ಲಿ ಮುದುಕಿ ತೀರಿಕೊಂಡಾಗ, ನಿದ್ದೆಯಲ್ಲಿದ್ದ ಆಮೆಯನ್ನು ಅಗೆದು ತೆಗೆದು ಗಾಡಿಯಲ್ಲಿ ಎಂಬತ್ತು ಮೈಲಿ ದೂರದ ತಮ್ಮ ಸೆಲ್ಬೋರ್ನ್ ಹಳ್ಳಿಗೆ ತಂದರು. 1793ರಲ್ಲಿ ವೈಟ್ ತೀರಿಕೊಂಡರು, ಮರುವರ್ಷ ತಿಮೊಥಿ ಸತ್ತಿತು. ಅದರ ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ.

ಆ ಚಿಪ್ಪನ್ನು ಪರೀಕ್ಷಿಸಿದವರಿಗೆ ಒಂದು ಸಂಗತಿ ತಿಳಿಯಿತು. ಗಂಡೆಂದು ಎಲ್ಲರೂ ಕರೆದ ತಿಮೊಥಿ ಹೆಣ್ಣು. ಅರ್ಧ ಶತಮಾನಕ್ಕೂ ಮೀರಿ ಜೊತೆಗಿದ್ದವರಿಗೂ ಅದು ಗೊತ್ತಾಗಿರಲಿಲ್ಲ. ವಿಚಿತ್ರವೆಂದರೆ ಕ್ರಿಮಿಯನ್ ಯುದ್ಧದ ಕಾಲದಲ್ಲಿ ಬ್ರಿಟಿಷ್ ಹಡಗಿನಲ್ಲಿದ್ದು 2004ರಲ್ಲಿ ಡೆವನ್‌ನ ಕೋಟೆಯೊಂದರ ತೋಟದಲ್ಲಿ ಸತ್ತ ಇನ್ನೊಂದು ಪ್ರಸಿದ್ಧ ಆಮೆಯ ಹೆಸರೂ ತಿಮೊಥಿ, ಅದೂ ಹೆಣ್ಣೇ. ಅದು ಗೊತ್ತಾದದ್ದು 1926ರಲ್ಲಿ.

ಇವು ಪ್ರೀತಿ ಪಡೆದ ಆಮೆಗಳು. 20ನೆಯ ಶತಮಾನದಲ್ಲಿ ಮೊರೊಕ್ಕೊ, ಟರ್ಕಿ, ಯುಗೊಸ್ಲಾವಿಯಗಳ ಗುಡ್ಡಗಳಿಂದ ಲಕ್ಷಗಟ್ಟಲೆ ಆಮೆಗಳನ್ನು ಹೆಕ್ಕಿ, ಪೆಟ್ಟಿಗೆಗಳಲ್ಲಿ ಒಂದರ ಮೇಲೊಂದು ತುಂಬಿ ಬ್ರಿಟನ್ನಿಗೆ ಸಾಗಿಸಲಾಯಿತು. ಅವುಗಳಲ್ಲಿ ಬಹಳಷ್ಟು ಇಂಗ್ಲೆಂಡಿನ ಮೊದಲ ಚಳಿಗಾಲವನ್ನೂ ದಾಟಲಿಲ್ಲ. 1984ರಲ್ಲಿ ಯುರೋಪಿನ ಒಕ್ಕೂಟ ಆ ವ್ಯಾಪಾರವನ್ನು ತಡೆಯಿತು. ಹೆಕ್ಕಿದ ಕೈಗಳಲ್ಲಿ ನಮ್ಮವರ ಕೈಗಳೂ ಇದ್ದವೆಂಬುದನ್ನು ಮರೆಯಬಾರದು. ನಮ್ಮ ನಾಗರಿಕತೆಯ ಹೂದೋಟಗಳ ಬಗ್ಗೆ ನಾವು ಹೆಮ್ಮೆಪಡುತ್ತೇವೆ. ಉಸ್ಮಾನಿಯರ ಟ್ಯೂಲಿಪ್ ಯುಗದ ರಾತ್ರಿಯ ಔತಣಗಳಲ್ಲಿ ಆಮೆಗಳ ಬೆನ್ನ ಮೇಲೆ ಮೋಂಬತ್ತಿ ಅಂಟಿಸಿ ಹೂಗಿಡಗಳ ನಡುವೆ ಬಿಡುತ್ತಿದ್ದರೆಂದು ಓದುವಾಗ ಆ ಹೆಮ್ಮೆ ಸ್ವಲ್ಪ ಕುಗ್ಗುತ್ತದೆ. ಉಸ್ಮಾನ್ ಹಮ್ದಿ ಬೇ 1906ರಲ್ಲಿ ಬಿಡಿಸಿದ ‘ಆಮೆ ತರಬೇತುಗಾರ’ ಚಿತ್ರ ಇಸ್ತಾಂಬುಲ್‌ನ ಪೆರಾ ಮ್ಯೂಸಿಯಮ್ಮಿನಲ್ಲಿದೆ. ಕೆಂಪು ನಿಲುವಂಗಿಯ ಮುದುಕ ಕೊಳಲನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಾನೆ, ಆಮೆಗಳು ತಮ್ಮ ಪಾಡಿಗೆ ಸೊಪ್ಪು ತಿನ್ನುತ್ತಿವೆ. ಸಮಾಜ ಸುಧಾರಣೆಯ ನಿಧಾನಗತಿಯ ಮೇಲಿನ ವ್ಯಂಗ್ಯವೆಂದು ಅದನ್ನು ವ್ಯಾಖ್ಯಾನಿಸುತ್ತಾರೆ. ಇರಬಹುದು. ನಮಗೆ ಅಲ್ಲಿ ಕಾಣುವುದು, ಆಮೆಗೆ ನಮ್ಮ ಕೊಳಲು ಬೇಕಾಗಿಯೇ ಇಲ್ಲ ಎಂಬುದು.

13ನೆಯ ಶತಮಾನದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್ ಪ್ರಾಣಿಗಳಿಗೆ ಮನುಷ್ಯನ ಮೇಲಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಕರಾವಳಿಯ ನಾವು ಬಹುಪಾಲು ಮಂದಿ ಅದೇ ಮದ್‌ಹಬ್‌ನವರು. ಆದರೂ ಈ ಪಟ್ಟಿಯನ್ನು ಮದ್ರಸದಲ್ಲಿ ಕೇಳಿದ ನೆನಪು ನಮಗಿಲ್ಲ. ಪ್ರಾಣಿ ಮುದಿಯಾಗಿ, ಕಾಯಿಲೆ ಬಿದ್ದು, ಅದರಿಂದ ಇನ್ನು ಯಾವ ಪ್ರಯೋಜನವೂ ಇಲ್ಲವೆಂದಾದರೂ ಅದರ ಖರ್ಚನ್ನು ಭರಿಸಬೇಕು. ಶಕ್ತಿ ಮೀರಿ ಹೊರೆ ಹೊರಿಸಬಾರದು. ಅದಕ್ಕೆ ನೋವುಂಟುಮಾಡುವ ಪ್ರಾಣಿಗಳ ಜೊತೆ ಕೂಡಿಹಾಕಬಾರದು. ಅದು ತಂಗುವ ಜಾಗ, ನೀರು ಕುಡಿಯುವ ಜಾಗ ಚೆನ್ನಾಗಿರಬೇಕು. ಇಷ್ಟನ್ನೂ ಒಂದು ಒಳ್ಳೆಯ ಹಿತ್ತಲಲ್ಲಿ ಈಡೇರಿಸಬಹುದು. ಮೊದಲನೆಯದಂತೂ ಆಮೆಯ ವಿಷಯದಲ್ಲಿ ವಿಶೇಷ ಅರ್ಥ ಪಡೆಯುತ್ತದೆ. ಏಕೆಂದರೆ ಇಲ್ಲಿ ಮೊದಲು ಮುದಿಯಾಗುವುದು ಸಾಕಿದವನೇ. ಮರುಭೂಮಿ ಆಮೆ ಎಂಬತ್ತು ವರ್ಷ ಬದುಕಬಲ್ಲದು. ನಲುವತ್ತರಲ್ಲಿ ಎಳೆಯ ಆಮೆಯನ್ನು ತಂದವನು ತಾನು ಸತ್ತ ಮೇಲೆ ಅದಕ್ಕೆ ಯಾರು ನೀರಿಡಬೇಕೆಂದು ಈಗಲೇ ಬರೆದಿಡಬೇಕು. ವಸಿಯ್ಯತ್‌ನಲ್ಲಿ ಮನೆ, ತೋಟ, ಚಿನ್ನದ ಲೆಕ್ಕ ಬರೆಯುವವರು ಉಂಟು. ಇದನ್ನು ಬರೆದವರು ಎಷ್ಟು ಮಂದಿ?

ಇಝ್ಝುದ್ದೀನರ ಪಟ್ಟಿಯಲ್ಲಿ ಇನ್ನೊಂದು ಹಕ್ಕೂ ಇದೆ: ಬೆದೆಯ ಕಾಲದಲ್ಲಿ ಗಂಡು ಹೆಣ್ಣುಗಳನ್ನು ಸೇರಲು ಬಿಡಬೇಕು. ನಮ್ಮ ಲೆಕ್ಕವೆಲ್ಲ ಎಡವುವುದು ಇಲ್ಲಿ. ಅರಿಜೋನಾದ ಕಾನೂನು ಇದನ್ನೇ ನಿಷೇಧಿಸುತ್ತದೆ, ನಿಷೇಧಿಸಲು ತಕ್ಕ ಕಾರಣವೂ ಇದೆ. ಸಾಕುಮನೆಗಳಿಗಾಗಿ ಕಾಯುತ್ತಿರುವ ಆಮೆಗಳೇ ಸಾಲುಗಟ್ಟಿವೆ. ಮರಿಯಾದರೆ ಗೋಡೆಯೊಳಗಿನವುಗಳ ಸಂಖ್ಯೆ ಇನ್ನಷ್ಟು ಹೆಚ್ಚುತ್ತದೆ. ಜೋಡಿ ಮಾಡಿದರೆ ಮತ್ತಷ್ಟು ಬಂದಿಗಳು, ಮಾಡದಿದ್ದರೆ ಒಂದು ಹಕ್ಕಿನ ಕಸಿತ. ಆಮೆಗಳು ಬಹುತೇಕ ಒಂಟಿಯಾಗಿಯೇ ತಿರುಗುವ ಜೀವಿಗಳು, ಅವಕ್ಕೆ ನಮ್ಮಂತೆ ಒಂಟಿತನ ಕಾಡದು ಎಂದು ವಾದಿಸಬಹುದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಒಂಟಿಯಾಗಿ ತಿರುಗುವುದು ಬೇರೆ, ಹುಡುಕಿಕೊಂಡು ಹೋಗುವ ದಾರಿಯೇ ಇಲ್ಲದಿರುವುದು ಬೇರೆ. ಕುರ್‌ಆನ್ (6:38) ಪ್ರಾಣಿ ಪಕ್ಷಿಗಳನ್ನು ಕುರಿತು ಬಳಸಿದ್ದು ‘ಉಮ್ಮತ್’ನ ಬಹುವಚನ, ನಾವು ನಮ್ಮ ಬಗ್ಗೆ ಅಷ್ಟು ಅಭಿಮಾನದಿಂದ ಬಳಸುವ ಅದೇ ಪದ. ಬಿಸಿಲನ್ನು, ಮಣ್ಣನ್ನು, ಬಿಲವನ್ನು ನಾವು ಗೋಡೆಯೊಳಗೆ ತಂದುಕೊಡಬಲ್ಲೆವು. ಉಮ್ಮತ್ತನ್ನು ತಂದುಕೊಡಲಾರೆವು.

ಹಾಗಾದರೆ ಬಿಟ್ಟುಬಿಡೋಣವೇ? ಬೆಕ್ಕಿನ ಹದೀಸ್ ಅದನ್ನೇ ಸೂಚಿಸುವಂತಿದೆ. ಆದರೆ ಬೆಕ್ಕಿಗೆ ಬಾಗಿಲು ತೆರೆದರೆ ಸಾಕಿತ್ತು. ಸಾಕಿದ ಆಮೆಗೆ ಅಷ್ಟು ಸಾಲದು. ಹಿತ್ತಲಲ್ಲಿ ಬೇರೆ ಬೇರೆ ಪ್ರಾಣಿಗಳ ಜೊತೆ ಬೆಳೆದ ಆಮೆಯ ಮೈಯಲ್ಲಿ ಶ್ವಾಸಕೋಶದ ಸೋಂಕು ಅಡಗಿರಬಹುದು. ಅದನ್ನು ಗುಡ್ಡಕ್ಕೆ ಬಿಟ್ಟರೆ ಅಲ್ಲಿರುವ ಆಮೆಗಳೂ ಸಾಯುತ್ತವೆ. ಒಮ್ಮೆ ಕಟ್ಟಿದ ಗೋಡೆಯನ್ನು ಕೆಡವಿದ ಮಾತ್ರಕ್ಕೆ ಸಾಲ ತೀರದು. ಈ ಕಾರಣಕ್ಕೆ, ಈಗಾಗಲೇ ಕಾನೂನುಬದ್ಧವಾಗಿ ಮನೆಯಲ್ಲಿರುವ ಆಮೆಯನ್ನು ಬಿಸಿಲು ಬೀಳುವ ಒಳ್ಳೆಯ ಹಿತ್ತಲಲ್ಲಿ ಕೊನೆಯವರೆಗೂ ನೋಡಿಕೊಳ್ಳುವುದು ಕರ್ತವ್ಯವೆಂದೂ, ಹೊಸದೊಂದನ್ನು ತರುವುದು ತೀರಿಸಲಾಗದ ಸಾಲವನ್ನು ಬೇಕೆಂದೇ ಮಾಡುವುದೆಂದೂ ನಾವು ಭಾವಿಸುತ್ತೇವೆ. ಅಬೂ ಉಮೈರ್‌ನ ಹಕ್ಕಿಯ ಅನುಮತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಅನುಮತಿಯಿದ್ದುದನ್ನೆಲ್ಲ ಮಾಡಲೇಬೇಕೆಂದೇನೂ ಇಲ್ಲ.

ನಮ್ಮ ರಾಜ್ಯದ ವಿಷಯದಲ್ಲಿ ಇಷ್ಟು ಯೋಚಿಸಬೇಕಾಗಿಯೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕುರುಚಲು ಗುಡ್ಡಗಳಲ್ಲಿ, ಆಚೆಗೆ ಆಂಧ್ರದ ಒಣಸೀಮೆಯಲ್ಲಿ ಮೊದಲ ಮಳೆ ಬಿದ್ದಾಗ ಚುರುಕಾಗುವ ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯಲ್ಲಿ ಅದನ್ನು ಮೊದಲನೆಯ ಪಟ್ಟಿಗೇ ಸೇರಿಸಲಾಗಿದೆ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಲಾಯಿತು. ಆದರೂ ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ಆ ಚೆಲುವೇ ಅದಕ್ಕೆ ಮುಳುವಾಗಿದೆ. ಸೂಟ್‌ಕೇಸುಗಳಲ್ಲಿ ತುಂಬಿಸಿಕೊಂಡು ಹೋಗುವವರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬೀಳುತ್ತಲೇ ಇದ್ದಾರೆ. 2018ರ ನವೆಂಬರ್‌ನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳನ್ನು ಕರ್ನಾಟಕಕ್ಕೆ ಮರಳಿ ತರಲಾಯಿತು. ಎರಡು ದೇಶಗಳ ಸಂಸ್ಥೆಗಳೂ ಅರಣ್ಯ ಇಲಾಖೆಯೂ ಕೈಜೋಡಿಸಬೇಕಾಯಿತು. ಹೆಕ್ಕಿದವನಿಗೆ ಹಿಡಿದದ್ದು ಒಂದು ಮಧ್ಯಾಹ್ನ ಇರಬಹುದು. ಯಾರದೋ ಮನೆಯಲ್ಲಿ ಇಂಥ ಆಮೆ ಇದ್ದರೆ ರಾತ್ರೋರಾತ್ರಿ ಕೆರೆಗೆ ಎಸೆದು ಬರಬೇಡಿ. ಅದು ನೆಲದ ಆಮೆ, ಕೆರೆಯಲ್ಲಿ ಮುಳುಗಿ ಸಾಯುತ್ತದೆ. ಅರಣ್ಯ ಇಲಾಖೆಗೆ ಒಪ್ಪಿಸಿ.

ಸೆಲ್ಬೋರ್ನ್‌ನ ತಿಮೊಥಿಯ ಬಗ್ಗೆ ಹೇಳದೆ ಉಳಿಸಿದ ಒಂದು ಸಂಗತಿಯಿದೆ. ವರ್ಷದ ಬಹುಕಾಲ ಮಂದವಾಗಿ ಬಿದ್ದಿರುತ್ತಿದ್ದ ಆಮೆ ಜೂನ್ ಹತ್ತಿರ ಬಂದಂತೆ ಬೇರೆಯೇ ಆಗುತ್ತಿತ್ತು ಎಂದು ವೈಟ್ ಬರೆಯುತ್ತಾರೆ. ಬೆಳಿಗ್ಗೆ ಐದಕ್ಕೇ ಎದ್ದು, ಕಾಲುಗಳನ್ನು ಎತ್ತರಿಸಿ, ತೋಟದ ಉದ್ದಗಲಕ್ಕೂ ನಡೆಯುತ್ತಿತ್ತು. ಬೇಲಿಯ ಸಂದುಗಳನ್ನು ಪರೀಕ್ಷಿಸುತ್ತಿತ್ತು. 1784ರ ಬೇಸಗೆಯಲ್ಲೊಮ್ಮೆ ತೆರೆದಿದ್ದ ಬಾಗಿಲಿನಿಂದ ಹೊರಬಿದ್ದು ದಿನಗಟ್ಟಲೆ ಕಾಣೆಯಾಗಿತ್ತು. ಸಂಗಾತಿಯನ್ನು ಹುಡುಕುತ್ತಿರಬೇಕೆಂದು ವೈಟ್ ಊಹಿಸಿದರು, ಹೆಣ್ಣನ್ನು ಹುಡುಕುವ ಗಂಡು ಎಂದೇ ತಿಳಿದು ಮುಗುಳ್ನಕ್ಕರು. ಇಡೀ ಹ್ಯಾಂಪ್‌ಶೈರ್ ಅಲೆದಿದ್ದರೂ ಅದಕ್ಕೆ ತನ್ನ ಜಾತಿಯ ಇನ್ನೊಂದು ಆಮೆ ಸಿಗುತ್ತಿತ್ತೋ ಇಲ್ಲವೋ. ಮರುವರ್ಷ ಜೂನ್‌ನಲ್ಲಿ ಅದು ಮತ್ತೆ ಬೆಳಿಗ್ಗೆ ಐದಕ್ಕೆ ಎದ್ದು ಬೇಲಿಯ ಗುಂಟ ನಡೆಯಿತು.